ಗೇರಿಗೆ ಬದನೆಕಾಯಿ ಪಥ್ಯ

ಮೇಲೂರಿನ ವೆಂಕಟರವಣಪ್ಪನಿಗೆ ಅರವತ್ತು ತುಂಬಿದ ವರ್ಷ ಅಳಿಯ ನರೇಂದ್ರ ಒಂದು ಗೇರ್ ಸೈಕಲ್ ತಂದುಕೊಟ್ಟ. ಜೀವಮಾನವಿಡೀ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಮನುಷ್ಯ ಅದನ್ನು ಹತ್ತಿದ ದಿನದಿಂದ ಗಾಳಿಗೆ ಎದೆಯೊಡ್ಡಿ, ಕೆಲಸವಿಲ್ಲದಿದ್ದರೂ ಊರು ಸುತ್ತತೊಡಗಿದ. ಹೆಂಡತಿ ಅಕ್ಕಯ್ಯಮ್ಮ ಬಾಗಿಲಲ್ಲೇ ಶಾಸನ ಹೊರಡಿಸಿದಳು: "ಒಂದೇ ಒಂದ್ಸಲ ಬಿದ್ದೆ ಅಂತ ಗೊತ್ತಾದ್ರೆ, ಸೈಕಲ್ಲು ಮಂಡಿಕಲ್ಲಿಗೆ, ನನ್ನ ತಮ್ಮನ ಮನೆಗೆ. ನೋಡ್ಕೊ."

ಬಿದ್ದ. ಕೆರೆ ಏರಿಯ ಇಳಿಜಾರಲ್ಲಿ ಒಂದು ಕೋಳಿಗೆ ದಾರಿ ಬಿಡಲು ಹೋಗಿ, ಮೆತ್ತಗೆ, ಬಲಮಗ್ಗುಲಿಗೆ. ಅವನಿಗೆ ಒಂದು ಗೀರೂ ಇಲ್ಲ. ಆದರೆ ಹಿಂದಿನ ಚಕ್ರದ ಗೇರು ಒಳಕ್ಕೆ ಸೊಟ್ಟಗಾಗಿ, ಚೈನು ಎಲ್ಲಕ್ಕಿಂತ ದೊಡ್ಡ ಹಲ್ಲುಗಾಲಿಯಲ್ಲೇ ಕಚ್ಚಿಕೊಂಡಿತು. ಕಾಲು ಗಿರಗಿರನೆ ತಿರುಗುತ್ತದೆ, ಸೈಕಲ್ ಮಾತ್ರ ತೆವಳುತ್ತದೆ. ಅದೇ ಕೋಳಿ ಅವನನ್ನು ದಾಟಿ ಮುಂದೆ ಹೋಯಿತು.

ಸೈಕಲ್ ಶಾಪಿನ ಎದುರಿಗೇ ಹಾಲಿನ ಡೈರಿ. ಅಲ್ಲಿಗೆ ಹೋದರೆ ಅವನಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ. ಉಳುಕಿದ ಕೀಲು ಮನುಷ್ಯನದಾದರೇನು, ಸೈಕಲ್ಲಿನದಾದರೇನು ಎಂದುಕೊಂಡು ಮೂಳೆ ಕಟ್ಟುವ ಚಿಕ್ಕವೆಂಕಟಮ್ಮನ ಜಗಲಿಗೆ ತಳ್ಳಿಕೊಂಡು ಹೋದ.

"ಯಾರಪ್ಪಾ ರೋಗಿ?"

"ಇದು."

ಮುದುಕಿ ನಗಲಿಲ್ಲ. ಎತ್ತು, ಕುರಿ, ಒಮ್ಮೆ ಒಂದು ನವಿಲಿಗೂ ಕಟ್ಟಿದ ಕೈ ಅದು. ಗೇರನ್ನು ಮೃದುವಾಗಿ ತಡವುತ್ತ, "ಏಮಪ್ಪಾ, ನಿನ್ನ ಮಗಳು ಬಸುರಿಯಂತೆ, ನಿಜವಾ?" ಅಂದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಟಕ್ಕನೆ ಎಳೆದುಬಿಟ್ಟಳು. "ಎಳೆಯೋವಾಗ ರೋಗಿ ಮೈಮರೀಬೇಕು, ಅದಕ್ಕೆ ಕೇಳ್ದೆ."

ಚೈನು ನಡುವಿನ ಹಲ್ಲುಗಾಲಿಗೆ ಬಂದು ನಿಂತಿತು, ಅಲ್ಲಿಂದ ಆಚೀಚೆ ಅಲ್ಲಾಡಲಿಲ್ಲ. ಮುದುಕಿ ಉದ್ದಿನಹಿಟ್ಟು, ಮೊಟ್ಟೆಯ ಲೋಳೆ ಮೆತ್ತಿ, ಬಿದಿರ ದಬ್ಬೆಯಿಟ್ಟು ಬಟ್ಟೆ ಸುತ್ತಿದಳು.

"ಬದನೆಕಾಯಿ ಮುಟ್ಟಂಗಿಲ್ಲ. ನಂಜು."

"ಸೈಕಲ್ಲು ಬದನೆಕಾಯಿ ತಿನ್ನಲ್ವಲ್ಲಮ್ಮ?"

"ಅದ್ರ ಬದ್ಲು ನೀನು ಬಿಡು. ಯಾರಾದ್ರೂ ಒಬ್ರು ಪಥ್ಯ ಮಾಡ್ಬೇಕಲ್ಲ!"

ರೇಷ್ಮೆ ಹುಳುಮನೆಯ ಹಿಂದೆ ಸೈಕಲ್ಲಿಗೆ ಗೋಣಿಚೀಲ ಹೊದಿಸಿ ವೆಂಕಟರವಣಪ್ಪ ಊಟಕ್ಕೆ ಕೂತ. ಅವತ್ತೇ ಎಣ್ಣೆಗಾಯಿ! ಅದಿದ್ದರೆ ಒಂದು ಮುದ್ದೆ ಹೆಚ್ಚಿಗೆ ನುಂಗುವವನು, ತಟ್ಟೆಯ ಅಂಚಿಗೆ ಸರಿಸಿ ಬರೀ ಮಜ್ಜಿಗೆ ಕೇಳಿದ.

"ಎಲ್ಲಿ ಬಿದ್ದೆ?" ಅಂದಳು ಅಕ್ಕಯ್ಯಮ್ಮ.

"ನಾನಾ?"

"ಬದನೆಕಾಯಿ ಬೇಡ ಅನ್ನೋರೆಲ್ಲ ಆ ಯಮ್ಮನ ಜಗಲಿಯಿಂದಾನೇ ಬರೋದು. ಕಟ್ಟೆಲ್ಲಿ? ತೋರ್ಸು."

ಕೈಕಾಲು ತಿರುಗಿಸಿ ನೋಡಿದರೂ ಕಟ್ಟಿಲ್ಲ. ಕೊನೆಗೆ ಅವನೇ ಕರೆದೊಯ್ದು ಗೋಣಿಚೀಲ ಎತ್ತಿದ. ಅವಳು ನಕ್ಕೂ ನಕ್ಕೂ ನೆಲಕ್ಕೆ ಕೂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾತು ಅಂದ್ರೆ ಮಾತು, ಇದು ಮಂಡಿಕಲ್ಲಿಗೇ. ಆದ್ರೆ ಕಟ್ಟು ಬಿಚ್ಚಿದ ಮೇಲೆ. ಗಾಯ ಆಗಿರೋದನ್ನ ತವರಿಗೆ ಕೊಡಬಾರ್ದು" ಅಂದಳು.

ಕಟ್ಟು ಇನ್ನೂ ಬಿಚ್ಚಿಲ್ಲ. ವೆಂಕಟರವಣಪ್ಪ ಒಂದೇ ಗೇರಿನಲ್ಲಿ ಊರು ಸುತ್ತುತ್ತಾನೆ, ಬಟ್ಟೆ ಸವೆದಾಗಲೆಲ್ಲ ಕದ್ದು ಹೊಸ ಸುತ್ತು ಸೇರಿಸುತ್ತಾನೆ. ಒಂದೊಂದು ಬೆಳಿಗ್ಗೆ ನೋಡಿದರೆ ಅದರ ಮೇಲೆ ಅಕ್ಕಯ್ಯಮ್ಮನ ಹಳೇ ಸೀರೆಯ ತುಂಡೊಂದು ಸುತ್ತಿರುತ್ತದೆ, ಅದು ಅವನು ಸುತ್ತಿದ್ದಲ್ಲ. ಬದನೆಕಾಯಿಯನ್ನಂತೂ ಅವನು ಕಣ್ಣೆತ್ತಿಯೂ ನೋಡುವುದಿಲ್ಲ.