ಮೈನಸ್ ಮೂರಕ್ಕೆ ಜಗ್ಗದ ಚಂಪಕ್ಕ

ಬೆಳಗ್ಗೆ ಐದೂಮುಕ್ಕಾಲು. ಹಿರಿಯಡ್ಕ ಪೇಟೆಯಲ್ಲಿ ಹಾಲಿನ ವ್ಯಾನ್ ಬಿಟ್ಟರೆ ಎದ್ದಿರುವುದು ಚಂಪಕ್ಕನ ಡಿಟಿಪಿ ಅಂಗಡಿಯೊಂದೇ. ಕಾರ್ಕಳದ ಕಡೆಯ ಕೆಲವು ಶಾಲೆಗಳು ಸೇರಿ ನಡೆಸುವ ಪರೀಕ್ಷೆಯ ಗಣಿತ ಪ್ರಶ್ನೆಪತ್ರಿಕೆ, ಅದರ ಉತ್ತರಸೂಚಿ ಎರಡೂ ಟೈಪಿಗೆ ಬಂದಿವೆ. ಆದರೆ ಕೈ ಕೀಬೋರ್ಡಿನ ಮೇಲಿಲ್ಲ. ರದ್ದಿ ಹಾಳೆಯ ಬೆನ್ನಿನಲ್ಲಿ ಪೆನ್ಸಿಲ್ ಓಡುತ್ತಿದೆ, ಮೊನೆ ಮುರಿಯುವಷ್ಟು ಸಿಟ್ಟಿನಲ್ಲಿ.

"ನೋಡಿ ಮಾರಾಯ್ರೆ, x² − 6x + 11. ಆರರ ಅರ್ಧ ಮೂರು, ಮೂರರ ವರ್ಗ ಒಂಬತ್ತು. ಹನ್ನೊಂದರಿಂದ ಒಂಬತ್ತು ತೆಗೆದು ಕೊಟ್ಟರೆ ವರ್ಗ ಪೂರ್ತಿ, ಉಳಿದದ್ದು ಎರಡು. (x − 3)² + 2. ಶೃಂಗಬಿಂದು, ಅಂದ್ರೆ ಗೆರೆಯ ತಳ, ಎಲ್ಲುಂಟು? ಮೂರು, ಎರಡು. ಇವರ ಉತ್ತರಸೂಚಿಯಲ್ಲಿ ಮೈನಸ್ ಮೂರು! ಮೈನಸ್ ಮೂರು ಹಾಕಿದರೆ ಮೂವತ್ತೆಂಟು ಬರ್ತದೆ. ಗೆರೆಯ ತಳ ಮೂವತ್ತೆಂಟರಲ್ಲಿ ಉಂಟಾ, ಎರಡರಲ್ಲಿ ಉಂಟಾ?" ಚಂಪಕ್ಕ ಹಾಳೆಯನ್ನು ನನ್ನ ಕಡೆ ತಿರುಗಿಸುತ್ತಾರೆ.

ಬೆಳ್ಮಣ್ಣಿನ ಚಂಪಾ ಓದಿದ್ದು ಎಸ್ಸೆಸ್ಸೆಲ್ಸಿ. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹದಿನೈದಿಪ್ಪತ್ತು ಪುಟ ಟೈಪಿಸುತ್ತಲೇ ಗಣಿತ ಕಲಿತವರು. ತಾನು ಬಿಡಿಸದ ಲೆಕ್ಕವನ್ನು ಟೈಪಿಸುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅವರ ಹೆಸರಿರುವುದಿಲ್ಲ. ತಪ್ಪು ನುಸುಳಿದರೆ ಮಾತ್ರ 'ಟೈಪಿಂಗ್ ಮಿಸ್ಟೇಕ್' ಎಂದು ನೆನಪಾಗುತ್ತಾರೆ.

ಎರಡು ತಿಂಗಳ ಹಿಂದೆ ಇದೇ ಲೆಕ್ಕ, ಇದೇ ತಪ್ಪು ಬಂದಿತ್ತು. ಪ್ರಶ್ನೆಪತ್ರಿಕೆ ತಯಾರಿಸುವ ಕೃಷ್ಣರಾಜ ಮಾಸ್ಟ್ರಿಗೆ ಫೋನ್ ಮಾಡಿದ್ದರು. "ನಿಮಗೆ ಎಂತಕ್ಕೆ ಅದೆಲ್ಲ? ಇದ್ದ ಹಾಗೆ ಹೊಡೆಯಿರಿ" ಎಂದಿದ್ದರು ಅವರು. ಚಂಪಕ್ಕ ಹೊಡೆದರು. ಪರೀಕ್ಷೆ ಮುಗಿದ ಮೇಲೆ ಪಕ್ಕದ ಮನೆಯ ತೃಷಾ ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು. ಸರಿಯುತ್ತರದ ಮೇಲೆ ಕೆಂಪು ಗೀಟು.

"ನನಗೆ ಲೆಕ್ಕ ಬರುವುದಿಲ್ಲ ಅಲ್ವಾ, ಚಂಪಕ್ಕ?"

"ಆ ಮೈನಸ್ ಒತ್ತಿದ್ದು ಈ ಬೆರಳು" ಎಂದು ಚಂಪಕ್ಕ ಬಲಗೈ ಎತ್ತಿ ತೋರಿಸುತ್ತಾರೆ. ಸಿಟ್ಟಿನಲ್ಲಿ ಅರ್ಧ ಪಾಲು ತನ್ನ ಮೇಲೆಯೇ.

ಆರು ಗಂಟೆಗೆ ಮಾಸ್ಟ್ರ ಫೋನ್. "ಟೈಪ್ ಆಯ್ತಾ?"

"ಇಲ್ಲ. ಮೊದಲು ನೀವು ಮೂರು ಹಾಕಿ ನೋಡಿ ಸರ್. ಈಗಲೇ. ನಾನು ಕಾಯ್ತೇನೆ."

ಆ ಕಡೆ ಕಾಗದ ಮಗುಚುವ ಸದ್ದು. ಲೆಕ್ಕ ಹಾಕಿ ನೋಡಿ, "ಹ್ಞಾಂ... ನೀವೇ ತಿದ್ದಿ ಹಾಕಿ."

"ಇದನ್ನು ತಿದ್ದುವ. ಆ ಸಲದ ಮಕ್ಕಳ ಅಂಕ?"

"ಅದು ಮುಗಿದ ಕಥೆ ಮಾರಾಯ್ತಿ!"

ಚಂಪಕ್ಕ ಫೋನ್ ಕುಕ್ಕುತ್ತಾರೆ. ಆಮೇಲೆ ಟೈಪಿಸುವುದು ನಾಲ್ಕೇ ಸಾಲು: ಉತ್ತರಸೂಚಿ ತಪ್ಪಾಗಿತ್ತು, ಮೂರು ಎಂದು ಬರೆದವರಿಗೆಲ್ಲ ಅಂಕ ಕೊಡಬೇಕು. ಕೆಳಗೆ ಮಾಸ್ಟ್ರ ಸಹಿಗೆ ಜಾಗ.

"ಇದಕ್ಕೆ ಸೈನ್ ಬಿದ್ದ ಮೇಲೆಯೇ ಪ್ರಶ್ನೆಪತ್ರಿಕೆ ಇಲ್ಲಿಂದ ಹೊರಡುವುದು. ನನ್ನ ಹೆಸರು ಎಲ್ಲಿಯೂ ಬೇಡ" ಎನ್ನುತ್ತ ಕೀಬೋರ್ಡಿಗೆ ಬಟ್ಟೆ ಹೊದೆಸುತ್ತಾರೆ. "ತೃಷಾಳಿಗೆ ಲೆಕ್ಕ ಬರ್ತದೆ. ಅದನ್ನು ಅವಳಿಗೆ ಕೆಂಪು ಗೀಟು ಹಾಕಿದವರೇ ಹೇಳಬೇಕು."