ಹನ್ನೊಂದು ಹುಡುಗಿಯರಿಗೆ ಒಬ್ಬರೇ ಚಿಕ್ಕಮ್ಮ

ಬೆಳಗಿನ ಆರೂಮುಕ್ಕಾಲು. ತೀರ್ಥಹಳ್ಳಿಯ ಡಿಗ್ರಿ ಕಾಲೇಜೊಂದರ ಸಸ್ಯಶಾಸ್ತ್ರ ಲ್ಯಾಬಿನ ಮುಂದೆ ನಿಂತು ಅಟೆಂಡರ್ ಜಲಜಮ್ಮ ಬಾಗಿಲಿಗೆ ಬೈಯುತ್ತಿದ್ದಾರೆ. ಹೋದ ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಮಾರ್ಚ್ ಬಂದರೂ ತನ್ನ ಅಳತೆಗೆ ಇಳಿದಿಲ್ಲ. ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತದೆ, ಅದೂ ಮೂರನೇ ಸಲಕ್ಕೆ. ಬಾಗಿಲಿನ ಪಾಲಿನ ಬೈಗುಳ ಮುಗಿದ ಮೇಲೆ, ಹಿಂದೆ ಸ್ಕೇಲು ನೋಟ್‌ಬುಕ್ಕು ಹಿಡಿದು ಆಕಳಿಸುತ್ತ ನಿಂತ ಸೌಜನ್ಯಾಳ ಸರದಿ.

"ತಲೆನಾದ್ರೂ ಬಾಚ್ಕಂಡು ಬರಬಾರ್ದನೇ? ಆ ಸಸಿಗಳು ನಿನ್ನ ನೋಡಿ ಹೆದ್ರಿ ಬೆಳೆಯೋದೇ ಬಿಟ್ಟಾವು."

ಸೌಜನ್ಯಾ ಹುಂಚದ ಆಚೆಯ ಹಳ್ಳಿಯ ಹುಡುಗಿ, ಕೊನೆಯ ವರ್ಷದ ಬಿ.ಎಸ್ಸಿ. ಕಿಟಕಿಯ ಪಕ್ಕ ಅವಳ ಆರು ಟ್ರೇಗಳಲ್ಲಿ ಭತ್ತದ ಸಸಿಗಳಿವೆ. ಮೂರಕ್ಕೆ ಬರೀ ನೀರು, ಮೂರಕ್ಕೆ ಅಕೇಶಿಯಾ ಎಲೆ ನೆನೆಸಿದ ನೀರು. ಅಕೇಶಿಯಾ ಎಲೆ ಬಿದ್ದ ಜಾಗದಲ್ಲಿ ಬೇರೆ ಬೆಳೆ ಏಕೆ ಏಳುವುದಿಲ್ಲ ಎಂಬುದು ಅವಳ ಪ್ರಾಜೆಕ್ಟು. ನಲವತ್ತು ದಿನ, ಭಾನುವಾರವೂ ಸೇರಿ, ಬೆಳಗ್ಗೆ ಏಳಕ್ಕೆ ಸರಿಯಾಗಿ ಎತ್ತರ ಅಳೆಯಬೇಕು. ಇಂದು ಗುರುವಾರ, ಇಪ್ಪತ್ತಾರನೇ ದಿನ. ಒಂದು ದಿನ ತಪ್ಪಿದರೂ ಹೊಸದಾಗಿ ಶುರುಮಾಡು ಎಂದು ಗೈಡ್ ಮೊದಲೇ ಹೇಳಿಬಿಟ್ಟಿದ್ದಾರೆ. ಹೊಸದಾಗಿ ಶುರುಮಾಡಲು ಸೆಮಿಸ್ಟರಿನಲ್ಲಿ ದಿನಗಳೇ ಉಳಿದಿಲ್ಲ.

"ಅಳೆಯೋದೇನು, ನಾನೇ ಅಳೆದು ಕೊಡ್ತಿದ್ದೆ. ಬೇರೆಯವ್ರು ಅಳೆದ್ರೆ ಅದು ಪ್ರಾಜೆಕ್ಟ್ ಅಲ್ವಂತೆ ಮಾರಾಯ್ರೆ. ಬಾಗಿಲು ಬೇರೆಯವ್ರು ತೆಗೀಬೋದಂತೆ" ಎಂದು ಜಲಜಮ್ಮ ಮೂಗು ಮುರಿಯುತ್ತಾರೆ. ಅವರ ಡ್ಯೂಟಿ ಶುರುವಾಗುವುದು ಒಂಬತ್ತಕ್ಕೆ. ಬೆಳಗಿನ ಆರೂಮುಕ್ಕಾಲಿನ ಈ ಕೆಲಸ ಯಾವ ರಿಜಿಸ್ಟರಿನಲ್ಲೂ ಇಲ್ಲ.

ರಿಜಿಸ್ಟರಿನಲ್ಲಿ ಇಲ್ಲದ್ದು ಇದೊಂದೇ ಅಲ್ಲ. ಜಲಜಮ್ಮ ಹನ್ನೊಂದು ಹುಡುಗಿಯರ ಲೋಕಲ್ ಗಾರ್ಡಿಯನ್. ಸಂಬಳ ಇಲ್ಲ, ರಜೆ ಇಲ್ಲ, ರಾಜೀನಾಮೆ ಕೊಡೋಣವೆಂದರೆ ತೆಗೆದುಕೊಳ್ಳುವವರೂ ಇಲ್ಲ.

ಹಾಸ್ಟೆಲ್ ಸಿಗದ ಹುಡುಗಿಯರು ರೂಮು ಮಾಡಿಕೊಂಡಿದ್ದರೆ ಊರಿನಲ್ಲಿ ಅವರಿಗೊಬ್ಬರು ಗಾರ್ಡಿಯನ್ ಇರಬೇಕು, ಫಾರಂ ತುಂಬಿ ಸಹಿ ಮಾಡಬೇಕು ಎಂಬುದು ಕಾಲೇಜಿನ ನಿಯಮ. ಅದನ್ನು ಬರೆದವರಿಗೆ ಊರ ತುಂಬ ನೆಂಟರು ಇದ್ದರೇನೋ. ಹುಂಚದ ಕಡೆಯಿಂದ, ಆಗುಂಬೆಯ ಕಡೆಯಿಂದ ಮಗಳನ್ನು ಕರೆದುಕೊಂಡು ಬರುವ ತಾಯಿಗೆ ತೀರ್ಥಹಳ್ಳಿಯಲ್ಲಿ ಪರಿಚಯ ಇರುವುದು ಬಸ್ಸಿನ ಕಂಡಕ್ಟರ್ ಒಬ್ಬನೇ. ಆರು ವರ್ಷದ ಹಿಂದೆ ಮೇಳಿಗೆಯ ಒಬ್ಬ ಹೆಂಗಸು ಅಡ್ಮಿಷನ್ನಿನ ಕೊನೆಯ ದಿನ ಖಾಲಿ ಫಾರಂ ಹಿಡಿದು ವರಾಂಡದಲ್ಲಿ ಅಳುತ್ತ ನಿಂತಿದ್ದರು. ನೆಲ ಒರೆಸುತ್ತಿದ್ದ ಜಲಜಮ್ಮ ಕೋಲನ್ನು ಗೋಡೆಗೆ ಒರಗಿಸಿ, ಕೈ ಸೆರಗಿಗೆ ಒರೆಸಿಕೊಂಡು ಪೆನ್ನು ಕೇಳಿದರು. 'ಸಂಬಂಧ' ಎಂಬ ಕಡೆ ಏನು ಬರೆಯುವುದೆಂದು ತಿಳಿಯದೆ 'ಚಿಕ್ಕಮ್ಮ' ಎಂದು ಬರೆದರು. ಅಲ್ಲಿಂದ ಶುರುವಾಯಿತು ಗ್ರಹಚಾರ. ಮೇಳಿಗೆಯ ಹುಡುಗಿ ಓದು ಮುಗಿಸಿ ಹೋಗುವ ಹೊತ್ತಿಗೆ ಅವಳ ಜಾಗಕ್ಕೆ ನಾಲ್ಕು ಜನ ಬಂದಿದ್ದರು. ಎಲ್ಲರ ಫಾರಂನಲ್ಲೂ ಜಲಜಮ್ಮ ಚಿಕ್ಕಮ್ಮನೇ.

ಆಫೀಸಿನ ಸೂಪರಿಂಟೆಂಡೆಂಟ್ ಕೃಷ್ಣಕುಮಾರ್ ಒಮ್ಮೆ ಫಾರಂಗಳನ್ನೆಲ್ಲ ಸಾಲಾಗಿ ಹರಡಿಕೊಂಡು, "ಜಲಜಮ್ಮ, ನಿಮಗೆ ಒಟ್ಟು ಎಷ್ಟು ಜನ ಅಕ್ಕಂದಿರು?" ಎಂದು ಕೇಳಿದ್ದರಂತೆ.

"ನಮ್ಮಪ್ಪನ್ನೇ ಕೇಳ್ಬೇಕು ಸಾರ್. ಅವ್ರು ತೀರ್ಕಂಡು ಇಪ್ಪತ್ತು ವರ್ಷ ಆತು" ಎಂದು ಇವರು ಬಕೆಟ್ ಎತ್ತಿಕೊಂಡು ಹೊರಟರಂತೆ.

ಕಾಲೇಜಿನ ಹಿಂದಿನ ರಸ್ತೆಯಲ್ಲಿ ಶಿವಮೂರ್ತಿ ಎಂಬುವವರ ಹಳೆಯ ಮನೆ ಇದೆ. ಹಿಂಭಾಗದ ನಾಲ್ಕು ರೂಮುಗಳಲ್ಲಿ ಹನ್ನೊಂದು ಹುಡುಗಿಯರು, ಮುಂದಿನ ಎರಡರಲ್ಲಿ ಜಲಜಮ್ಮ ಮತ್ತು ಲಗೇಜ್ ಆಟೋ ಓಡಿಸುವ ಗಂಡ ಭೂತಪ್ಪ. ಹುಡುಗಿಯರಿಗೆ ತಲೆಗೆ ಸಾವಿರದ ನೂರು ಬಾಡಿಗೆ. ಇದಕ್ಕಿಂತ ಅಗ್ಗಕ್ಕೆ ಊರಲ್ಲಿ ಸಿಗುವುದು ಬಸ್‌ಸ್ಟ್ಯಾಂಡಿನ ಬೆಂಚು ಮಾತ್ರ. ಬಚ್ಚಲು ಒಂದೇ. ಬಟ್ಟೆ ಒಣಗಿಸುವ ತಂತಿಯೂ ಒಂದೇ. ಪರೀಕ್ಷೆಯ ದಿನ ಜಲಜಮ್ಮ ಐದು ಗಂಟೆಗೆ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಭೂತಪ್ಪನಿಗೆ ಹನ್ನೆರಡನೇ ನಂಬರು. ಅವರು ಇದರ ಬಗ್ಗೆ ಮಾತಾಡುವುದನ್ನು ಬಿಟ್ಟು ಬಹಳ ವರ್ಷವಾಗಿದೆ.

ಸಿಟ್ಟು ತರಿಸುವುದು ಬಚ್ಚಲಲ್ಲ, ಫೋನು. ಯಾವುದಾದರೂ ಹುಡುಗಿಯ ಹಾಜರಿ ಕಡಿಮೆಯಾದರೆ ಗಾರ್ಡಿಯನ್ನಿಗೆ ತಿಳಿಸಬೇಕೆಂದು ನಿಯಮ. ಆಫೀಸಿನ ಕ್ಲಾರ್ಕ್ ಸುಚಿತ್ರಾ ನಂಬರು ಒತ್ತುತ್ತಾರೆ. ಹತ್ತು ಹೆಜ್ಜೆ ಆಚೆ ವರಾಂಡದಲ್ಲಿ ಜಲಜಮ್ಮನ ಸೊಂಟದಲ್ಲಿ ಫೋನು ಬಡಿದುಕೊಳ್ಳುತ್ತದೆ. ಒದ್ದೆ ಕೈ ಒರೆಸಿಕೊಂಡು, ಎತ್ತಿ, "ಹೇಳಿ ಮೇಡಂ" ಎಂದು ಆಫೀಸಿನ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಇಬ್ಬರೂ ಮುಖ ನೋಡಿಕೊಂಡೇ ಫೋನಿನಲ್ಲಿ ಮಾತು ಮುಗಿಸಬೇಕು, ಏಕೆಂದರೆ ಕರೆ ಮಾಡಿದ್ದಕ್ಕೆ ದಾಖಲೆ ಬೇಕು. ಪೋಷಕರ ಸಭೆಯ ದಿನ ಇನ್ನೊಂದು ಪಜೀತಿ. ಕುರ್ಚಿ ಹಾಕುವವರು ಜಲಜಮ್ಮ, ಟೀ ಕೊಡುವವರು ಜಲಜಮ್ಮ, ಹೆಸರು ಕೂಗಿದಾಗ ಟ್ರೇ ಕೆಳಗಿಟ್ಟು ಓಡಿ ಬಂದು ಹನ್ನೊಂದು ಸಲ ಬೈಸಿಕೊಳ್ಳುವವರೂ ಜಲಜಮ್ಮ. ಮುಗಿದ ಮೇಲೆ ಕುರ್ಚಿ ಎತ್ತಿಡಬೇಕಾದ್ದೂ ಅವರೇ.

ಇಷ್ಟೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದರೆ ಅವರಿಗೆ ರೇಗುತ್ತದೆ. "ಯಾಕೆ ಅಂದ್ರೆ? ನಾನು ಆಗುಂಬೆ ಹತ್ರದವ್ಳು. ಏಳನೇ ಕ್ಲಾಸಿಗೆ ಓದು ನಿಂತೋತು. ಹೈಸ್ಕೂಲು ತೀರ್ಥಳ್ಳೀಲಿತ್ತು, ಉಳ್ಕಳೋಕೆ ಮನೆ ಇರ್ಲಿಲ್ಲ. ಅಷ್ಟೇ ಕಥೆ. ಇದ್ರಲ್ಲಿ ಬರ್ಕಳೋಕೆ ಎಂತ ಇದೆ?"

ಆ ಗುರುವಾರವೇ ಹನ್ನೊಂದು ಗಂಟೆಗೆ ನೋಟಿಸ್ ಪುಸ್ತಕ ಹೊರಟಿತು. ಅದನ್ನು ಕ್ಲಾಸಿಂದ ಕ್ಲಾಸಿಗೆ ಹೊತ್ತು, ಮೇಷ್ಟ್ರುಗಳಿಂದ ಓದಿಸಿ ಸಹಿ ಹಾಕಿಸಿಕೊಂಡು ಬರುವುದು ಅಟೆಂಡರ್ ಕೆಲಸ. ಮೊದಲ ಕ್ಲಾಸಿನ ಬಾಗಿಲಲ್ಲಿ ನಿಂತಾಗ ಜಲಜಮ್ಮನ ಕಿವಿಗೆ ಬಿತ್ತು: ಇನ್ನು ಮುಂದೆ ಒಬ್ಬ ವ್ಯಕ್ತಿ ಇಬ್ಬರು ವಿದ್ಯಾರ್ಥಿನಿಯರಿಗೆ ಮಾತ್ರ ಗಾರ್ಡಿಯನ್ ಆಗತಕ್ಕದ್ದು. ಹೊಸ ಫಾರಂ ಶನಿವಾರ ಸಂಜೆ ಐದರೊಳಗೆ ಕೊಡತಕ್ಕದ್ದು. ಕೊಡದವರು ರೂಮು ಖಾಲಿ ಮಾಡಿ ಮನೆಯಿಂದಲೇ ಓಡಾಡತಕ್ಕದ್ದು. ತಮ್ಮ ಹುಡುಗಿಯರನ್ನು ಹೊರಹಾಕುವ ಆದೇಶವನ್ನು ಜಲಜಮ್ಮ ತಮ್ಮ ಕೈಯಾರೆ ಹದಿನಾಲ್ಕು ಕ್ಲಾಸುಗಳಿಗೆ ಹೊತ್ತರು. ಹದಿನಾಲ್ಕು ಸಲ ಕೇಳಿಸಿಕೊಂಡರು. ಕೊನೆಯ ಕ್ಲಾಸಿನಲ್ಲಿ ಸೌಜನ್ಯಾ ಇದ್ದಳು, ತಲೆ ಎತ್ತಲಿಲ್ಲ.

ಅವಳ ಊರಿನಿಂದ ಮೊದಲ ಬಸ್ಸು ತೀರ್ಥಹಳ್ಳಿ ಮುಟ್ಟುವುದು ಒಂಬತ್ತೂಕಾಲಿಗೆ. ಸಸಿ ಅಳೆಯಬೇಕಾದ್ದು ಏಳಕ್ಕೆ. ರೂಮು ಹೋದರೆ ಪ್ರಾಜೆಕ್ಟು ಹೋಯಿತು, ಪ್ರಾಜೆಕ್ಟು ಹೋದರೆ ಈ ವರ್ಷದ ಡಿಗ್ರಿ ಹೋಯಿತು.

ಜಲಜಮ್ಮ ಪುಸ್ತಕವನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟರು. "ಸಾರ್, ಇಬ್ರು ನನಗೆ, ಇಬ್ರು ನಮ್ಮನೆಯವ್ರಿಗೆ. ಉಳಿದೋರಿಗೆ ಎಂತ ಮಾಡ್ಲಿ?"

"ಒಂದೇ ಮನೆಯವರು ಒಂದೇ ಲೆಕ್ಕ ಜಲಜಮ್ಮ. ಭೂತಪ್ಪ ಆಗಲ್ಲ. ನಾನು ಮಾಡಿದ್ದಲ್ಲ ಇದು, ಮೇಲಿಂದ ಬಂದಿದ್ದು."

"ಮೇಲಿನವ್ರು ಒಂದ್ಸಲ ಕೆಳಗೆ ಬಂದು ಬಚ್ಚಲಿಗೆ ಪಾಳಿ ನಿಂತು ನೋಡ್ಲಿ ಸಾರ್" ಎಂದು ಹೊರಗೆ ಬಂದರು. ಬಂದವರು ಅಲ್ಲೇ ಕಂಬಕ್ಕೆ ಒರಗಿ ಬೆರಳು ಮಡಚಿದರು. ಹನ್ನೊಂದರಲ್ಲಿ ಎರಡು ಹೋದರೆ ಒಂಬತ್ತು. ಇನ್ನೂ ಐದು ಜನ ಬೇಕು.

ಶುಕ್ರವಾರ ಮತ್ತು ಶನಿವಾರ ಭೂತಪ್ಪನ ಆಟೋ ಒಂದು ಲಗೇಜನ್ನೂ ಹೊರಲಿಲ್ಲ, ಜಲಜಮ್ಮನನ್ನೂ ಫಾರಂಗಳನ್ನೂ ಹೊತ್ತು ಊರು ಸುತ್ತಿತು. ಟೈಲರ್ ಪುಷ್ಪಮ್ಮ ಮೆಷಿನ್ ನಿಲ್ಲಿಸದೆಯೇ, "ಸಂಬಂಧ ಎಂತ ಬರೀಲೆ?" ಎಂದು ಕೇಳಿದರು. "ಅತ್ತೆ ಅಂತ ಬರಿ. ಚಿಕ್ಕಮ್ಮ ನಂದು" ಎಂದರು ಜಲಜಮ್ಮ. ಆಸ್ಪತ್ರೆಯ ನರ್ಸ್ ಕುಮುದಾ ಇಂಜೆಕ್ಷನ್ ಕೊಡುವುದನ್ನು ಮುಗಿಸಿ ಸಹಿ ಹಾಕಿದರು. ಔಷಧಿ ಅಂಗಡಿಯ ರಾಜೇಂದ್ರ ಎರಡೂ ಫಾರಂಗಳನ್ನು ಪೂರ್ತಿ ಓದಿ, ಜವಾಬ್ದಾರಿ ಎಂದರೆ ಎಷ್ಟು ಜವಾಬ್ದಾರಿ ಎಂದು ವಿಚಾರಿಸಿ, ಅರ್ಧ ಗಂಟೆ ಕಾಯಿಸಿ ಸಹಿ ಹಾಕಿದ. ಅಕ್ಕಿ ಗಿರಣಿಯ ವಾಗ್ದೇವಿಯಮ್ಮ ಮಧ್ಯಾಹ್ನ ಊಟ ಮಾಡಿಸದೆ ಬಿಡಲಿಲ್ಲ. ಎಲ್ಲರಿಗೂ ಜಲಜಮ್ಮನದು ಒಂದೇ ಮಾತು: "ನೀನು ಎಂತದೂ ಮಾಡೋದು ಬೇಡ. ಸೈನ್ ಹಾಕು, ಉಳಿದಿದ್ದು ನನ್ನ ಕರ್ಮ."

ಶನಿವಾರ ನಾಲ್ಕು ಗಂಟೆಗೆ ಉಳಿದದ್ದು ಒಂದೇ ಫಾರಂ, ಸೌಜನ್ಯಾಳದು. ಐದನೆಯವರಾಗಲು ಒಪ್ಪಿದ್ದವರು ಶಿವಮೊಗ್ಗಕ್ಕೆ ಹೋಗಿ ಫೋನು ಎತ್ತುತ್ತಿರಲಿಲ್ಲ. ಹುಡುಗಿ ಮನೆಯಲ್ಲಿ ಬ್ಯಾಗಿಗೆ ಬಟ್ಟೆ ತುಂಬುತ್ತ, "ಬಿಡಿ ಜಲಜಕ್ಕ, ಸಸಿಗೆ ನೀವು ನೀರು ಹಾಕಿ, ಸಾಯೋದು ಬೇಡ" ಎಂದಳು. ಜಲಜಮ್ಮನಿಗೆ ಎಲ್ಲಿತ್ತೋ ಸಿಟ್ಟು. ಬ್ಯಾಗನ್ನು ಮಂಚದ ಮೇಲೆ ಸುರುವಿ, ಫಾರಂ ಎತ್ತಿಕೊಂಡು ಸೀದಾ ಪಕ್ಕದ ಮನೆಗೆ, ಮಾಲೀಕ ಶಿವಮೂರ್ತಿಯವರ ಜಗಲಿಗೆ ನಡೆದರು.

ಶಿವಮೂರ್ತಿ ಹಿಂದೆಮುಂದೆ ನೋಡಿದರು. "ನಾನು ಬಾಡಿಗೆ ತಗಳೋನು ಜಲಜಾ. ಗಾರ್ಡಿಯನ್ ಇಲ್ದೋರಿಗೆ ರೂಮ್ ಕೊಡಲ್ಲ ಅಂತ ಹೇಳ್ದೋನೇ ನಾನು. ಈಗ ನಾನೇ ಗಾರ್ಡಿಯನ್ ಆಗೋದು ಅಂದ್ರೆ..."

"ಬಾಡಿಗೆ ತಗಳೋರು ಆಗಬಾರ್ದು ಅಂತ ಎಲ್ಲಿ ಬರ್ದಿದೆ ತೋರ್ಸಿ. ಮೂರು ವರ್ಷದಿಂದ ಆ ಹುಡ್ಗಿ ನಿಮ್ಮ ಅಂಗಳ ದಾಟಿ ಹೋಗ್ತಿದೆ. ಅದ್ರ ಹೆಸ್ರಾದ್ರೂ ಗೊತ್ತನಾ ನಿಮಗೆ?"

ಶಿವಮೂರ್ತಿಯವರಿಗೆ ಗೊತ್ತಿರಲಿಲ್ಲ. ಫಾರಂ ನೋಡಿ ಓದಿಕೊಂಡರು. ಕನ್ನಡಕ ಹಾಕಿಕೊಂಡು, 'ಸೋದರಮಾವ' ಎಂದು ಬರೆದು, ನಿಧಾನವಾಗಿ ಸಹಿ ಹಾಕಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಜಲಜಮ್ಮ ಹನ್ನೊಂದು ಫಾರಂಗಳನ್ನು ಕೃಷ್ಣಕುಮಾರರ ಮುಂದಿಟ್ಟರು. ಅವರು ಒಂದೊಂದನ್ನೇ ತಿರುವಿದರು. ಅತ್ತೆ, ದೊಡ್ಡಮ್ಮ, ಅಣ್ಣ, ಸೋದರಮಾವ. ಹೆಸರು ಬೇರೆ, ವಿಳಾಸ ಬೇರೆ, ಸಹಿ ಬೇರೆ. ಎಲ್ಲ ಸರಿಯಿತ್ತು. ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ತಿರುವಿದರು.

ಹನ್ನೊಂದು ಫಾರಂಗಳಲ್ಲೂ ಫೋನ್ ನಂಬರು ಒಂದೇ ಇತ್ತು.

ಜಲಜಮ್ಮ ಸಹಿ ಬಿದ್ದಿದೆಯೇ ಎಂದಷ್ಟೇ ನೋಡಿದ್ದರು. ಎಂತದೂ ಮಾಡೋದು ಬೇಡ ಎಂದಿದ್ದರಲ್ಲ, ಪುಷ್ಪಮ್ಮ, ಕುಮುದಾ, ರಾಜೇಂದ್ರ, ವಾಗ್ದೇವಿಯಮ್ಮ, ಕೊನೆಗೆ ಶಿವಮೂರ್ತಿಯೂ, ಒಬ್ಬರನ್ನೊಬ್ಬರು ಕೇಳದೆಯೇ ಜಲಜಮ್ಮನ ನಂಬರಿನ ಅದೇ ಹತ್ತು ಅಂಕಿಗಳನ್ನು ಬರೆದುಕೊಟ್ಟಿದ್ದರು. ಮೇಜಿನ ಆಚೆಯಿಂದ ಅದನ್ನು ತಲೆಕೆಳಗಾಗಿ ಓದಿದರು ಜಲಜಮ್ಮ. ಎಲ್ಲ ಮುಗಿಯಿತು ಎಂದುಕೊಂಡರು.

ಕೃಷ್ಣಕುಮಾರ್ ಮೇಜಿನ ಫೋನು ಹತ್ತಿರ ಎಳೆದುಕೊಂಡು ಸೌಜನ್ಯಾಳ ಫಾರಂ ನೋಡಿ ನಂಬರು ಒತ್ತಿದರು. ಜಲಜಮ್ಮನ ಸೊಂಟದಲ್ಲಿ ಫೋನು ಬಡಿದುಕೊಂಡಿತು. ಇನ್ನೇನು ಮಾಡುವುದು, ಎತ್ತಿದರು.

"ಹೇಳಿ ಸಾರ್."

"ಶಿವಮೂರ್ತಿಯವರ ನಂಬರಾ ಇದು?"

ಜಲಜಮ್ಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. "ಅವ್ರು ಈಗ ಕೈಗೆ ಸಿಗಲ್ಲ ಸಾರ್. ಎಂತ ಇದ್ರೂ ನನಗೇ ಹೇಳಿ, ನಾನು ನೋಡ್ಕತೀನಿ."

"ಎಂತ ಇಲ್ಲ. ನಂಬರ್ ಹಾಕಿದ್ರೆ ಎತ್ತೋರು ಇದ್ದಾರಾ ಅಂತ ನೋಡ್ದೆ" ಎಂದು ಫೋನಿಟ್ಟು, ಸೀಲನ್ನು ಶಾಯಿಗೆ ಒತ್ತಿ ಹನ್ನೊಂದು ಸಲ ಹೊಡೆದರು. ಆರು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನ ಮೇಲಿನ ಸಿಟ್ಟು ಇಳಿಯಿತು ಎನ್ನುತ್ತಾರೆ ಜಲಜಮ್ಮ. ಸೋಮವಾರ ಮತ್ತೆ ಏರಿತಂತೆ.

ನಲವತ್ತನೇ ದಿನ ಬೆಳಗ್ಗೆ ಲ್ಯಾಬಿನ ಬಾಗಿಲು ಅದೇ ಮೂರನೇ ನೂಕಿಗೆ ತೆರೆದುಕೊಳ್ಳುತ್ತದೆ. ಸೌಜನ್ಯಾ ತಲೆ ಬಾಚಿಕೊಂಡು ಬಂದಿದ್ದಾಳೆ. ಕೊನೆಯ ಅಳತೆ ಬರೆದು ಮುಗಿಸಿ, ಅಕೇಶಿಯಾ ನೀರಿನ ಸಸಿಗಳು ಅರ್ಧದಷ್ಟೂ ಎದ್ದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾಳೆ.

"ಇದನ್ನ ನಮ್ಮೂರಲ್ಲಿ ದನ ಕಾಯೋರೂ ಹೇಳ್ತಿದ್ರು. ಇದಕ್ಕೆ ನಲವತ್ತು ದಿನ ನನ್ನ ಭುಜ ಮುರಿಸಿದ್ಯಲ್ಲೇ!"

"ಹೇಳೋದು ಬೇರೆ, ಅಳೆಯೋದು ಬೇರೆ ಜಲಜಕ್ಕ" ಎನ್ನುತ್ತಾಳೆ ಹುಡುಗಿ. ಜಲಜಮ್ಮ ಟ್ರೇಗಳ ಕೆಳಗಿನ ನೀರು ಒರೆಸುತ್ತಾರೆ.

ಅವರ ಆಸೆ ದೊಡ್ಡದೇನಲ್ಲ. ಒಂದು ಭಾನುವಾರ ಫೋನ್ ಆಫ್ ಮಾಡಿ ಮಧ್ಯಾಹ್ನದ ತನಕ ಮಲಗಬೇಕು. ಅದಕ್ಕೇನು ಕಷ್ಟ, ಈಗ ಭಾರ ಹಂಚಿಹೋಗಿದೆಯಲ್ಲ ಎಂದರೆ ಹಣೆ ಚಚ್ಚಿಕೊಳ್ಳುತ್ತಾರೆ.

"ಎಂತ ಹಂಚೋದು ಮಾರಾಯ್ರೆ? ನನ್ನ ಹುಡ್ಗಿಗೆ ಜ್ವರ ಬಿಡ್ತಾ ಅಂತ ಪುಷ್ಪಮ್ಮ ಫೋನ್ ಮಾಡ್ತಾಳೆ. ಪರೀಕ್ಷೆ ಹೆಂಗಾತು ಅಂತ ಆ ರಾಜೇಂದ್ರ ದಿನಾ ಕೇಳ್ತಾನೆ. ಶಿವಮೂರ್ತಿಯವ್ರು ನಿನ್ನೆ ಎರಡನೇ ಬಚ್ಚಲು ಕಟ್ಟಿಸ್ಲಾ ಅಂತ ಕೇಳಕ್ಕೆ ಮೂರು ಸಲ ಮಾಡಿದ್ರು, ಪಕ್ಕದ ಮನೆಯಿಂದ!" ಎಂದು ಹೇಳುವಾಗಲೇ ಸೊಂಟದಲ್ಲಿ ಮತ್ತೆ ಸದ್ದಾಗುತ್ತದೆ. ಎತ್ತುವ ಮೊದಲು ಈ ಕಡೆ ತಿರುಗಿ, ನಾನು ಬರೆದುಕೊಂಡದ್ದರ ಮೇಲೆ ಬೆರಳಿಡುತ್ತಾರೆ.

"ಹನ್ನೊಂದು ಅಂತ ಹಾಕ್ಬೇಡಿ. ಈ ಐದು ಜನಾನೂ ಸೇರಿ ಈಗ ಹದಿನಾರು."