ಟೆಕ್ಸಸ್ಸಿನಲ್ಲಿ ಒಂದೆಲಗ

ಇತ್ತೀಚೆಗೆ ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಹುಲ್ಲುಹಾಸಿನ ಕಳೆಯ ಮೇಲೆ. ಅವರು ಬಾಗಿಲಲ್ಲಿ ನಿಂತು "ಬನ್ನಿ, ಬನ್ನಿ" ಎನ್ನುತ್ತಿದ್ದರೆ ನಾನು ಡ್ರೈವ್‌ವೇ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ನನ್ನ ಗಂಡ ಸುಧೀಂದ್ರ ಇದಕ್ಕೊಂದು ಉತ್ತರ ಸಿದ್ಧವಿಟ್ಟುಕೊಂಡಿದ್ದಾನೆ: "ಏನಿಲ್ಲ, ಓಲೆ ಬಿದ್ದೋಗಿದೆಯಂತೆ, ಹುಡುಕ್ತಿದಾಳೆ."

ಈ ಹುಚ್ಚು ಹತ್ತಿಸಿದವರು ಸತ್ತು ಎಷ್ಟೋ ಕಾಲವಾದ ಬಿಳಿಯರು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಗಿಡ ಕೂಡಿಸುವ ಹವ್ಯಾಸಿಗಳ ಒಂದು ಜಾತಿಯೇ ಇತ್ತು. ದಂಡಿನ ವೈದ್ಯರು, ಕಂದಾಯದ ಅಧಿಕಾರಿಗಳು, ಕಾಫಿ ತೋಟದ ದೊರೆಸಾನಿಯರು. ಹಗಲೆಲ್ಲ ಕಂದಾಯ ವಸೂಲಿ, ಸಂಜೆ ಹುಲ್ಲಿನ ವಸೂಲಿ. ಕಿತ್ತ ಗಿಡವನ್ನು ಬೇರುಸಹಿತ ಕಾಗದದ ನಡುವೆ ಹರವಿ, ಎರಡು ಹಲಗೆಯಲ್ಲಿಟ್ಟು ಬಿಗಿದು, ಮಳೆಗಾಲದ ಬೂಷ್ಟಿನಿಂದಲೂ ಗೆದ್ದಲಿನಿಂದಲೂ ಕಾಪಾಡಿ ಹಡಗಿಗೆ ಹತ್ತಿಸುತ್ತಿದ್ದರು. ಅವರ ಒಣಗಿಡಗಳ ಹಾಳೆಗಳು ಈಗ ಕಂಪ್ಯೂಟರಿನಲ್ಲಿ ಯಾರಿಗೆ ಬೇಕಾದರೂ ಕಾಣುತ್ತವೆ. ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಮನೆಯಲ್ಲಿ, ಆಫೀಸಿನ ಮೀಟಿಂಗ್ ಒಂದು ಕಿವಿಯಲ್ಲಿ ನಡೆಯುತ್ತಿರುವಾಗ, ನಾನು ಅವನ್ನು ನೋಡತೊಡಗಿದೆ. ಒಂದು ಹಾಳೆಯ ಮೂಲೆಯಲ್ಲಿ "ತೇವದ ಜಾಗಗಳಲ್ಲಿ ಸಾಮಾನ್ಯ, ನೇಟಿವರು ಎಲೆಯನ್ನು ತಿನ್ನುತ್ತಾರೆ" ಎಂದಿತ್ತು. ಗಿಡ ಒಂದೆಲಗ. ಆ ನೇಟಿವರೆಂದರೆ ನಮ್ಮ ಅಜ್ಜಿಯಂಥವರು! ಮೊಸರು, ತೆಂಗಿನಕಾಯಿ, ಜೀರಿಗೆ ಸೇರಿಸಿ ತಂಬುಳಿ ಮಾಡುತ್ತ ಬಂದ ಸೊಪ್ಪನ್ನು ಯಾರೋ ಕುದುರೆಯಿಂದಿಳಿದು ಬಂದು "ಕಂಡುಹಿಡಿದ"ರಲ್ಲ ಎಂದು ಕೋಪ ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೂ ಒಂದು ಗಿಡ ಕಂಡುಹಿಡಿಯಬೇಕು ಅನಿಸಿಬಿಟ್ಟಿತು. ನಾನು ನಂಬಿಕೊಂಡಿರುವಷ್ಟು ಒಳ್ಳೆಯವಳಲ್ಲ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಹೆಚ್ಚು ದೂರ ಹೋಗಬೇಕಾಗಲಿಲ್ಲ. ಮಾರ್ಚಿನ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ನಮ್ಮ ಹಿತ್ತಲಿನ ಸ್ಪ್ರಿಂಕ್ಲರ್ ಪಕ್ಕದಲ್ಲೇ ದುಂಡನೆಯ, ನಾಣ್ಯದಂಥ, ಹೊಳೆಯುವ ಎಲೆಗಳ ಹಾಸು! ಮೈಸೂರಿನ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬದಿ ಹಬ್ಬಿಕೊಂಡಿದ್ದ ಒಂದೆಲಗ ಕಣ್ಣೆದುರು ನಿಂತಿತು. ಹಿಂದುಮುಂದು ನೋಡದೆ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ: "ಕೇಟಿಯಲ್ಲಿ ಒಂದೆಲಗ!" ಗುಂಪು ಉಕ್ಕಿ ಹರಿಯಿತು. ಹ್ಯೂಸ್ಟನ್ನಿನ ಸುತ್ತ, ಸೈಪ್ರೆಸ್‌ನಿಂದ ಹಿಡಿದು ದ ವುಡ್‌ಲ್ಯಾಂಡ್ಸ್‌ವರೆಗೆ ಎಲ್ಲರೂ ತಮ್ಮ ತಮ್ಮ ಹಿತ್ತಲಿಗೆ ಓಡಿದರು. ಎಲ್ಲರ ಹಿತ್ತಲಲ್ಲೂ ಒಂದೆಲಗ! ಒಬ್ಬರು ಆಗಲೇ ಮಿಕ್ಸಿ ತೊಳೆದಿಟ್ಟುಕೊಂಡಿದ್ದರು.

ಇಷ್ಟು ಸುಲಭವಾಗಿ ಎಲ್ಲರಿಗೂ ಸಿಗುವ ನಿಧಿಯ ಮೇಲೆ ನನಗೆ ಶಂಕೆ ಹುಟ್ಟಿತು. ಹಳೆಯ ಹಾಳೆಯನ್ನು ಮತ್ತೆ ತೆರೆದು ನೋಡಿದೆ. ಒಂದೆಲಗದ ಎಲೆಗೆ ಒಂದು ಕಡೆ ಸೀಳಿದೆ, ತೊಟ್ಟು ಆ ಸೀಳಿನಲ್ಲಿ ಕೂಡುತ್ತದೆ. ನಮ್ಮ ಹಿತ್ತಲಿನದರ ತೊಟ್ಟು ನಟ್ಟನಡುವೆ, ಕೊಡೆಯ ಕೋಲಿನಂತೆ. ಅದು ಹ್ಯೂಸ್ಟನ್ನಿನ ಹುಲ್ಲುಹಾಸುಗಳೆಲ್ಲದರ ಶತ್ರು, ಡಾಲರ್‌ವೀಡ್ ಎಂಬ ಕಳೆ. ಅದನ್ನು ಕೊಲ್ಲಲೆಂದೇ ಔಷಧಿ ಸಿಂಪಡಿಸಿರುತ್ತಾರೆ. ಹಾಗಾದರೆ ಒಗೆಯುವ ಕಲ್ಲಿನ ಪಕ್ಕದ ಎಲೆಗೆ ಸೀಳಿತ್ತೇ? ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಸೀಳು ಬೇಕೆಂದರೆ ನೆನಪು ಸೀಳು ತೋರಿಸಿತು, ಕೊಡೆ ಬೇಕೆಂದರೆ ಕೊಡೆ ತೋರಿಸಿತು. ಇಂಥ ವಿಧೇಯ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಒಪ್ಪದು.

"ದಯವಿಟ್ಟು ಯಾರೂ ರುಬ್ಬಬೇಡಿ" ಎಂದು ಗುಂಪಿಗೆ ಬರೆದೆ. ಅಪರೂಪಕ್ಕೆ ಎಲ್ಲರೂ ಒಮ್ಮೆಗೇ ಓದಿದರು. ಸುಧೀಂದ್ರ ಫೋನಿನಿಂದ ತಲೆಯೆತ್ತದೆ, "ಹದಿನಾಲ್ಕು ಜನರ ಪ್ರಾಣ ಉಳಿಸಿದ್ದೀಯ ಅಂತ ಹಾಕಿದಾರೆ. ಅಪಾಯ ತಂದಿದ್ದು ಯಾರು ಅಂತ ಮಾತ್ರ ಯಾರೂ ಕೇಳಿಲ್ಲ, ಸಂತೋಷಪಡು" ಎಂದ.

ಈಗ ನಿಜವಾದದ್ದನ್ನು ಹುಡುಕದೆ ನನಗೆ ಬೇರೆ ದಾರಿಯಿರಲಿಲ್ಲ. ಹ್ಯೂಸ್ಟನ್ನಿನ ಸುತ್ತ, ನೀರು ನಿಲ್ಲುವ ಕಡೆ, ಒಂದೆಲಗವೋ ಅದರ ನಂಟಿನ ಗಿಡವೋ ಉಂಟೆಂದು ಓದಿದ್ದೆ. ಸೈಪ್ರೆಸ್‌ನಲ್ಲಿರುವ ಗೆಳತಿ ಗಿರಿಜಾ ಮಕ್ಕಳ ಡಾಕ್ಟರು, ಧಾರವಾಡದವರು. ಅವರ ಬಡಾವಣೆಯ ಹಿಂದೆ ಮಳೆನೀರು ಹರಿಯುವ ಕಾಲುವೆಯಿದೆ. ಶನಿವಾರ ಇಬ್ಬರೂ ಹೊರಟೆವು.

"ಉಷಾ, ಹಾವಿರ್ತಾವ ನೋಡ್ರಿ ಇಲ್ಲೆ," ಎಂದರು ಗಿರಿಜಾ, ನನಗಿಂತ ಮುಂದೆ ನಡೆಯುತ್ತ.

"ನೀವು ಡಾಕ್ಟ್ರು ಇದ್ದೀರಲ್ಲ."

"ನಾ ಮಕ್ಕಳ ಡಾಕ್ಟರ್ರೀ. ನಿಮ್ಮ ವಯಸ್ಸಿನವರಿಗೆ ಕಡದ್ರ ನನ್ನ ಕೈಲಿ ಏನೂ ಆಗಂಗಿಲ್ಲ."

ಅಷ್ಟರಲ್ಲಿ ಕಂಡಿತು. ಕೆಸರಿನಂಚಿನಲ್ಲಿ, ಹುಲ್ಲಿನ ನಡುವೆ, ಉದ್ದ ತೊಟ್ಟಿನ ಎಲೆಗಳು, ಪ್ರತಿಯೊಂದಕ್ಕೂ ಒಂದು ಕಡೆ ಸೀಳು! ನಾನು ಕೆಸರೆಂದೂ ನೋಡದೆ ಮಂಡಿಯೂರಿದೆ. ಹೂವಿಲ್ಲದೆ ಗಿಡದ ಗುರುತು ಪೂರ್ತಿಯಾಗದು. ಹೂವು ಎಲ್ಲಿ? ಎಲೆಗಳನ್ನು ಸರಿಸಿದರೆ ಬುಡದ ಹತ್ತಿರ, ಯಾರಿಗೂ ಕಾಣಬಾರದೆಂಬಂತೆ, ಸಾಸಿವೆಯಷ್ಟು ಹೂಗಳ ಒಂದು ಗೊಂಚಲು. ಗಿರಿಜಾ ಕಿವಿ ನೋಡುವ ತಮ್ಮ ಉಪಕರಣದ ಭೂತಗನ್ನಡಿಯನ್ನೇ ತಂದಿದ್ದರು. ಒಬ್ಬರ ತಲೆಗೊಬ್ಬರು ತಲೆ ತಾಗಿಸಿ ನೋಡಿದೆವು. "ಅಯ್ಯ ಶಿವನ, ಎಷ್ಟ ಚಂದ ಐತ್ರೀ!" ಎಂದು ಅವರು ಕೂಗಿದರು. ಬಾಲ್ಯದಲ್ಲಿ ಒಂದೆಲಗವನ್ನು ಕಂಡೇ ಇರದ ಅವರಿಗೆ ನನಗಿಂತ ಹೆಚ್ಚು ಸಂಭ್ರಮ. ಕಾಲುವೆಯ ಆ ಬದಿಯಿಂದ ಹುಲ್ಲು ಕತ್ತರಿಸುವ ಯಂತ್ರ ಗುಡುಗುತ್ತ ಬರುತ್ತಿತ್ತು. ಬೇರುಸಹಿತ ಒಂದು ಗಿಡ ಕಿತ್ತು, ಇಂಡಿಯನ್ ಅಂಗಡಿಯ ಜಾಹೀರಾತು ಹಾಳೆಗಳ ನಡುವೆ ಹರವಿ, ಗೆದ್ದವರಂತೆ ಓಡಿದೆವು. ಕುದುರೆಯಿಂದಿಳಿದ ಆ ಅಧಿಕಾರಿಯ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ನನಗೆ ಆವತ್ತು ತಿಳಿಯಿತು. ಅವನ ಮೇಲೆ ಉಳಿದಿದ್ದ ಕೋಪವೂ ಅರ್ಧ ಇಳಿಯಿತು. ಇನ್ನರ್ಧ ನ್ಯಾಯವಾದದ್ದು, ಇರಲಿ.

ಗಿಡ ಒಣಗಿದ ಮೇಲೆ ಇಬ್ಬರೂ ಡ್ರೈವ್ ಮಾಡಿಕೊಂಡು ಆಸ್ಟಿನ್‌ಗೆ ಹೋದೆವು. ಒಣಗಿಡಗಳನ್ನು ಕೂಡಿಡುವ ಒಂದು ಸಂಗ್ರಹದಲ್ಲಿ, ಮೊದಲೇ ಕೇಳಿಕೊಂಡರೆ, ಹವ್ಯಾಸಿಗಳು ತಂದದ್ದನ್ನೂ ನೋಡುತ್ತಾರೆ. ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡಿದ್ದ ಅಲ್ಲಿನ ಸಸ್ಯತಜ್ಞೆ ಗಿಡವನ್ನು ಮಸೂರದಡಿ ಇಟ್ಟು ಎಲೆ, ಹೂವು, ಬೇರು ಒಂದೊಂದನ್ನೇ ನೋಡಿದರು. ಕೊನೆಗೆ ಹೇಳಿದರು: ಇದು ನಿಮ್ಮ ಊರಿನದಲ್ಲ, ಅದರ ತಂಗಿ. ಹಿಂದೆ ಎರಡನ್ನೂ ಒಂದೇ ಎಂದುಕೊಂಡಿದ್ದರು, ಆಮೇಲೆ ಬೇರೆ ಮಾಡಿದರು. ಮಾದರಿ ಚೆನ್ನಾಗಿದೆ, ಇಟ್ಟುಕೊಳ್ಳುತ್ತೇವೆ. ತಂಗಿ! ಗಿರಿಜಾ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

"ಇದರ ಜೊತೆಯ ಚೀಟಿ ತುಂಬಿಕೊಡಿ," ಎಂದರು ತಜ್ಞೆ. ಜಾಗ, ದಿನ, ಕಿತ್ತವರ ಹೆಸರು ಬರೆದೆವು. ಆಮೇಲೆ ಹೂವಿನ ಬಣ್ಣ. ಒಣಗಿದ ಹೂವು ಬಣ್ಣ ಮರೆಯುತ್ತದೆ, ಅದಕ್ಕೇ ಕಿತ್ತಾಗಲೇ ಬರೆದಿಟ್ಟುಕೊಳ್ಳಬೇಕಂತೆ. ನಾನು "ಬಿಳಿ" ಎಂದೆ. ಅದೇ ಉಸಿರಿನಲ್ಲಿ ಗಿರಿಜಾ "ನೇರಳೆ" ಎಂದರು.

"ಬಿಳೀನೇ ಗಿರಿಜಾ, ನಾನು ನೋಡಿದೀನಲ್ಲ."

"ನಾ ಏನ ಕಣ್ಣ ಮುಚ್ಚಿಕೊಂಡಿದ್ನೇನ್ರೀ? ಗಾಜು ನಂದು!"

ಇಬ್ಬರೂ ನಿಜ ಹೇಳುತ್ತಿದ್ದೆವು, ಇಬ್ಬರಿಗೂ ಆಣೆ ಇಡುವಷ್ಟು ನಂಬಿಕೆಯಿತ್ತು. ಒಂದೇ ಹೂವು, ಅಕ್ಕಪಕ್ಕದ ಎರಡು ತಲೆ, ವಾರವೂ ಕಳೆದಿರಲಿಲ್ಲ. ಪರಿಹಾರವೂ ಸುಲಭವಿತ್ತು. ತಜ್ಞೆಗೆ ಎರಡೂ ಜಾತಿಯ ಹೂವಿನ ಬಣ್ಣ ಗೊತ್ತು. ಕೇಳಿದರೆ, ಈ ಜಾತಿಗೆ ಸಾಮಾನ್ಯವಾಗಿ ಯಾವುದೆಂದು ಹೇಳಿಬಿಡುತ್ತಿದ್ದರು. ನಾವು ಅದನ್ನು ಕಣ್ಣಾರೆ ಕಂಡದ್ದೆಂದು ಬರೆಯಬಹುದಿತ್ತು. ಹಳೆಯ ಹಾಳೆಗಳಲ್ಲಿ ನಾನು ಭಕ್ತಿಯಿಂದ ಓದಿದ ಎಷ್ಟು "ಬಿಳಿ", ಎಷ್ಟು "ಹಳದಿ" ಹೀಗೆ ಹುಟ್ಟಿದ್ದವೋ!

ನಾನು ಕೇಳಲಿಲ್ಲ. ಆ ಜಾಗದಲ್ಲಿ "ಇಬ್ಬರು ನೋಡಿದ್ದೇವೆ, ಖಚಿತವಿಲ್ಲ" ಎಂದು ಬರೆದೆ. ಆಕೆ ಓದಿ, ಪೆನ್ಸಿಲನ್ನು ಜಡೆಯಿಂದ ತೆಗೆದು, ಅದರ ಪಕ್ಕದಲ್ಲಿ ಒಂದು ಸಣ್ಣ ಸರಿ ಗುರುತು ಹಾಕಿದರು.